ಮಗ್ಗಗಳು ನಿಂತಾಗ ಕೂಡುವ ಶಾಲೆ

ಈ ಕಥೆಯನ್ನು ಮೊದಲು ಹೇಳಿದವಳು ಬನಹಟ್ಟಿಯ ರುಕ್ಮವ್ವ. ಹೋದ ವರ್ಷ ಕಾರ್ತಿಕ ಮಾಸದ ಎರಡನೆಯ ಸೋಮವಾರ, ಮಧ್ಯಾಹ್ನ ಒಂದು ಗಂಟೆಗೆ ಕರೆಂಟ್ ಹೋದ ಮೇಲೆ, ತನ್ನ ಮನೆಯ ಮುಂದಿನ ಕಟ್ಟೆಯಲ್ಲಿ ಕುಳಿತು, ರಾಟೆಯಿಂದ ಲಾಳಿಯ ಕಂಡಿಕೆಗಳಿಗೆ ನೂಲು ಸುತ್ತುತ್ತ ಹೇಳಿದಳು. ಕೇಳಲು ಕುಳಿತವರು ಓಣಿಯ ಐವರು ಹೆಂಗಸರು ಮತ್ತು ರನ್ನ ಬೆಳಗಲಿಯಿಂದ ಮೊಮ್ಮಗಳನ್ನು ಕರೆತಂದಿದ್ದ ಬಸಗೊಂಡಪ್ಪನೆಂಬ ಒಕ್ಕಲಿಗ ಮುದುಕ. ಮೊಮ್ಮಗಳು ಒಳಗೆ ಶಾಲೆಯಲ್ಲಿದ್ದಳು. ಅಂದು ಅವಳಿಗೆ ಅಲ್ಲಿ ಮೊದಲ ದಿನ. ಕಥೆಯಲ್ಲಿ ಬರುವ ಈಶ್ವರ ರುಕ್ಮವ್ವನ ಹೊಟ್ಟೆಯ ಮಗ. ಅವನು ಬಾಯಿಬಿಟ್ಟು ಹೇಳದ ಸಂಗತಿಗಳು ನಿನಗೆ ಹೇಗೆ ತಿಳಿದವು ಎಂದು ಒಬ್ಬಾಕೆ ಕೇಳಿದಾಗ ಅವಳು ರಾಟೆ ನಿಲ್ಲಿಸದೆಯೇ, "ಅಂವಗ ಮಾತ ಕಲಿಸಿದಾಕಿ ಯಾರವಾ ಮತ್ತ?" ಎಂದಳು. ಅವಳು ಹೇಳಿದ ಕ್ರಮದಲ್ಲಿಯೇ ಕಥೆ ಇಲ್ಲಿದೆ.

ಬನಹಟ್ಟಿಯಲ್ಲಿ ಮೌನ ತಾನಾಗಿ ಹುಟ್ಟುವುದಿಲ್ಲ. ಅದನ್ನು ವಿದ್ಯುತ್ ಇಲಾಖೆಯವರು ಕೊಡಬೇಕು. ಮನೆಮನೆಯ ಹಿಂಬದಿಯಲ್ಲಿ ವಿದ್ಯುತ್‌ಮಗ್ಗಗಳು ಓಡುವಾಗ ಗೋಡೆಗೆ ಒರಗಿಸಿದ ತಂಬಿಗೆಯೂ ಸಣ್ಣಗೆ ನಡುಗುತ್ತಿರುತ್ತದೆ. ಆ ಊರಿನ ಜನ ಪರಊರಿಗೆ ಹೋದರೂ ಗಟ್ಟಿಯಾಗಿಯೇ ಮಾತಾಡುತ್ತಾರೆ. ಕರೆಂಟ್ ಹೋದ ಗಳಿಗೆಯಲ್ಲಿ ಮಾತ್ರ ಊರು ಒಮ್ಮೆಲೇ ನೀರಿನಡಿಗೆ ಇಳಿದಂತಾಗುತ್ತದೆ. ಆಗ ಮಾಳಿಗೆಯ ಪಾರಿವಾಳಗಳ ಗುಟುರು ಕೇಳುತ್ತದೆ. ಮೂರು ಮನೆಯಾಚೆ ಯಾರೋ ರೊಟ್ಟಿ ಬಡಿಯುತ್ತಿರುವುದು ಕೇಳುತ್ತದೆ. ಬಣ್ಣದ ನೂಲಿನಿಂದ ತೊಟ್ಟಿಕ್ಕುವ ನೀರು ನೆಲದ ಮೇಲೆ ಬೀಳುವುದು ಸಹ ಕೇಳುತ್ತದೆ. ಒಂದು ವಾರ ಮುಂಜಾನೆ, ಒಂದು ವಾರ ಮಧ್ಯಾಹ್ನ, ಹೀಗೆ ಆ ಮೌನಕ್ಕೂ ಪಾಳಿಯುಂಟು.

ರುಕ್ಮವ್ವನ ಮನೆಯ ಹಿಂದಿನ ಶೆಡ್ಡಿನಲ್ಲಿ ಈಶ್ವರನ ನಾಲ್ಕು ವಿದ್ಯುತ್‌ಮಗ್ಗಗಳಿದ್ದವು. ಮುಂದಿನ ಪಡಸಾಲೆಯಲ್ಲಿ ಅವಳ ಗಂಡ ಶಿವಯೋಗೆಪ್ಪನ ಕುಣಿಮಗ್ಗವಿತ್ತು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಅದರ ಅಂಚಿನಲ್ಲಿ ಕುಳಿತು ಕೈಯಿಂದ ಸೀರೆ ನೇಯುವ ಮಗ್ಗ ಅದು. ಆ ಓಣಿಯಲ್ಲಿ ಉಳಿದಿದ್ದ ಕೊನೆಯ ಕುಣಿಮಗ್ಗ.

ಈಶ್ವರನ ಅಂಗಿಯ ಕಿಸೆಯಲ್ಲಿ ಯಾವಾಗಲೂ ಒಂದು ಚಾಳೀಸು ಇರುತ್ತಿತ್ತು. ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ ಕೊಂಡದ್ದು. ಅದರ ಗಾಜು ಬರಿಯ ಗಾಜು. ಯಾರಾದರೂ ಚೀಟಿ ಕೊಟ್ಟರೆ ಅವನು ಚಾಳೀಸು ಏರಿಸಿ, ಸರಿಯೆನಿಸುವಷ್ಟು ಹೊತ್ತು ಚೀಟಿಯನ್ನು ದಿಟ್ಟಿಸಿ, ಆಮೇಲೆ ಗಾಜು ಒರೆಸುತ್ತ, ಮಸುಕಾಗಿ ಕಾಣುತ್ತದೆ, ನೀವೇ ಓದಿ ಎನ್ನುತ್ತಿದ್ದ. ಒಮ್ಮೆ ಕಿವಿಗೆ ಬಿದ್ದದ್ದನ್ನು ಅವನು ಮರೆಯುತ್ತಿರಲಿಲ್ಲ. ಯಾವ ನೂಲು ಯಾವ ಚೀಲದಲ್ಲಿದೆ ಎಂಬುದನ್ನು ಚೀಲದ ಬಾಯಿಗೆ ತಾನು ಹಾಕಿದ ಗಂಟಿನಿಂದ ಗುರುತಿಸುತ್ತಿದ್ದ. ಜಮಖಂಡಿಯಲ್ಲಿ ಶಿಕ್ಷಕಿಯ ಟ್ರೇನಿಂಗ್ ಮಾಡಿ ಮುಧೋಳದಿಂದ ಸೊಸೆಯಾಗಿ ಬಂದ ಗಂಗಾಂಬಿಕಾ ಮದುವೆಯಾದ ತಿಂಗಳೊಳಗೆ ಇದನ್ನು ಅರಿತಳು. ಅಂದಿನಿಂದ ಊಟ ಬಡಿಸುವಾಗ ನೂಲಿನ ಚೀಟಿಗಳನ್ನು ತನಗಾಗಿಯೇ ಓದಿಕೊಳ್ಳುವವಳಂತೆ ಗಟ್ಟಿಯಾಗಿ ಓದುತ್ತಿದ್ದಳು. ಅವನು ರೊಟ್ಟಿ ಮುರಿಯುತ್ತ ಕೇಳಿಸಿಕೊಳ್ಳುತ್ತಿದ್ದ. ಹನ್ನೊಂದು ವರ್ಷಗಳಲ್ಲಿ ಈ ಬಗ್ಗೆ ಅವಳು ಕೇಳಿದ್ದಿಲ್ಲ, ಅವನು ಹೇಳಿದ್ದಿಲ್ಲ.

ಅವರ ಮಗಳು ಶೇವಂತಿಗೆ ಆಗ ಒಂಬತ್ತು ವರ್ಷ. ಆಯಿ ಎಂದು ತಾನು ಕರೆಯುವ ಅಜ್ಜಿಯಿಂದ ಕೇಳಿದ ಕಥೆಯನ್ನು ಒಂದು ಮಾತು ಬಿಡದೆ ತಿರುಗಿ ಹೇಳುವ ಹುಡುಗಿ. ಪುಸ್ತಕ ತೆರೆದರೆ ಮಾತ್ರ ಅಕ್ಷರಗಳು ಬೆಲ್ಲಕ್ಕೆ ಬಂದ ಇರುವೆಗಳ ಹಾಗೆ ಸರಿದಾಡುತ್ತವೆ ಎಂದು ಅಳುತ್ತಿದ್ದಳು. ದಸರೆಗೆ ಮುಂಚೆ ಅವಳು ಕಲಿಯುತ್ತಿದ್ದ ಶಾಲೆಯ ಹೆಡ್‌ಮಾಸ್ತರರು ಈಶ್ವರನನ್ನು ಕರೆಸಿ, ಮಗಳು ಬರೆದುದನ್ನು ನೀವೇ ನೋಡಿ ಎಂದು ನೋಟ್‌ಬುಕ್ಕನ್ನು ಮುಂದಿಟ್ಟರು. ಈಶ್ವರ ಚಾಳೀಸು ಏರಿಸಿ ನೋಡಿದ. ಅವನಿಗೆ ಆ ಪುಟ ಬೇರೆಲ್ಲ ಪುಟಗಳ ಹಾಗೆಯೇ ಕಂಡಿತು. ಗಂಭೀರವಾಗಿ ತಲೆಯಾಡಿಸಿ, ಮಗಳ ಕೈಹಿಡಿದು ಮನೆಗೆ ಬಂದ.

ಅಂದು ಸಂಜೆ ಸಜ್ಜೆಯ ರೊಟ್ಟಿ, ಪುಂಡಿಪಲ್ಯ. ಈಶ್ವರ ತಾಟಿನ ಮೇಲಿಂದ ಕಣ್ಣೆತ್ತದೆ, "ನಾಳಿಂದ ಸಾಲಿ ಸಾಕು. ಆಯಿ ಕೂಡ ಕುಂತು ಕಂಡಿಕಿ ಸುತ್ತಲಿ," ಎಂದ.

"ಸುತ್ತಲಿ, ಬ್ಯಾಡನ್ನಾಂಗಿಲ್ಲ," ಎಂದಳು ಗಂಗಾಂಬಿಕಾ. "ಕರೆಂಟ್ ಇರೂತನಕ ಆಕಿ ನಿಮ್ಮಾಕಿ. ಕರೆಂಟ್ ಹೋತಂದ್ರ ನನ್ನಾಕಿ. ನಾ ಕಲಸ್ತೇನಿ."

"ದಡ್ಡ ಅದಾಳಂತ ಮಾಸ್ತರ ಹೇಳ್ಯಾರ."

"ಅವರಿಗೆ ತಿಳದಷ್ಟು ಅವರು ಹೇಳ್ಯಾರ. ಜಮಖಂಡಿ ಟ್ರೇನಿಂಗಿನ್ಯಾಗ ಒಬ್ಬರು ಡಾಕ್ಟರ್ ಬಾಯಾರು ಹೇಳಿದ್ರು, ಇದಕ್ಕ ಡಿಸ್ಲೆಕ್ಸಿಯಾ ಅಂತಾರಂತ. ಬುದ್ಧಿ ಕಮ್ಮಿ ಇರಾಂಗಿಲ್ಲ, ಅಕ್ಷರದ ಕಡೆ ಹೋಗೂ ದಾರಿ ಅಷ್ಟ ಬ್ಯಾರೆ. ಮತ್ತ..." ಅವಳು ಮಾತು ನಿಲ್ಲಿಸಿ ಮಾವನ ತಾಟಿಗೆ ಪಲ್ಯ ಬಡಿಸಿದಳು.

"ಮತ್ತ ಏನು?"

"ಮನಿತನದಾಗ ಬರತೈತಂತ."

ಈಶ್ವರನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಯಾರ ಮನಿತನದಾಗ?"

"ನಾ ಯಾರ ಹೆಸರೂ ಹೇಳಿಲ್ಲರಿ."

ಆಗ ರುಕ್ಮವ್ವ ತನಗೆ ಬೇಕಿಲ್ಲದಿದ್ದರೂ ಜೋರಾಗಿ ಮಜ್ಜಿಗೆ ಕೇಳಿದಳು.

ಮರುದಿನದಿಂದ ಪಡಸಾಲೆಯಲ್ಲಿ ಶಾಲೆ ಶುರುವಾಯಿತು. ಅದಕ್ಕೆ ಹೆಸರಿರಲಿಲ್ಲ, ಗಂಟೆಯಿರಲಿಲ್ಲ. ಹಿಂದಿನ ಮಗ್ಗಗಳು ನಿಂತವೆಂದರೆ ಶಾಲೆ, ಓಡತೊಡಗಿದರೆ ಮನೆಗೆ. ಗಂಗಾಂಬಿಕಾ ಮಗ್ಗಗಳಡಿಯಲ್ಲಿ ಬಿದ್ದ ತುಂಡುನೂಲನ್ನು ಆಯ್ದು, ಗಂಜಿಯಲ್ಲಿ ಅದ್ದಿ, ಹಳೆಯ ರಟ್ಟಿನ ಮೇಲೆ ಅಕ್ಷರದ ಆಕಾರಕ್ಕೆ ಬಾಗಿಸಿ ಬಿಸಿಲಿಗಿಟ್ಟಳು. ಒಣಗಿದ ಮೇಲೆ ಅಕ್ಷರ ಬೆರಳಿಗೆ ತಾಕುತ್ತಿತ್ತು. ಕಣ್ಣು ಮುಚ್ಚಿ ಅದರ ಮೇಲೆ ಬೆರಳು ಎಳೆಯಬೇಕು, ಅದರ ಸದ್ದನ್ನು ಬಾಯಿಂದ ಹೇಳಬೇಕು, ಆಮೇಲಷ್ಟೇ ಕಣ್ಣು ತೆರೆಯಬೇಕು. ಶೇವಂತಿ ಮೊದಲ ದಿನ ಒಂದೇ ಅಕ್ಷರದ ಜೊತೆ ಎರಡು ತಾಸು ಕುಳಿತಳು. ಪಕ್ಕದಲ್ಲಿ ಮುದುಕನ ಲಾಳಿ ಅತ್ತಿಂದಿತ್ತ ಹೋಗುತ್ತಿತ್ತು. ಬೆಳಕಿಂಡಿಯ ಬಿಸಿಲು ನೆಲದ ಮೇಲೆ ಒಂದು ಗೇಣು ಸರಿಯಿತು. ಹುಡುಗಿ ಅಳಲಿಲ್ಲ.

ಸುದ್ದಿ ಹೇಗೆ ಹರಡಿತೋ, ಮೌನ ಇಳಿದ ಕೂಡಲೇ ಬೇರೆ ಮಕ್ಕಳೂ ಓಣಿಯ ತಿರುವಿನಲ್ಲಿ ಕಾಣಿಸಿಕೊಳ್ಳತೊಡಗಿದರು. ರಬಕವಿಯ ಬಟ್ಟೆ ವ್ಯಾಪಾರಿಯೊಬ್ಬ ತನ್ನ ಮಗಳನ್ನು ಕರೆತಂದು, ಯಾರಿಗೂ ಹೇಳಬೇಡಿ ಎಂದು ಕೈಮುಗಿದ. ದೀಪಾವಳಿಯ ಹೊತ್ತಿಗೆ ಏಳು ಮಕ್ಕಳಾದರು. ರುಕ್ಮವ್ವ ಅವರಿಗಾಗಿ ಶೇಂಗಾ ಹುರಿದಿಡುತ್ತಿದ್ದಳು. ಹಿಟ್ಟು ಬೇಗ ಮುಗಿಯುತ್ತಿದೆ, ಶೇಂಗಾ ಬೇಗ ಮುಗಿಯುತ್ತಿದೆ ಎಂದು ಗೊಣಗುತ್ತಲೂ ಇದ್ದಳು.

ಇದು ಈಶ್ವರನಿಗೆ ಸರಿಬರಲಿಲ್ಲ. ಪಡಸಾಲೆಯಲ್ಲಿ ಇನ್ನೆರಡು ವಿದ್ಯುತ್‌ಮಗ್ಗ ಹೂಡಬೇಕೆಂದು ಅವನು ಬೇಸಿಗೆಯಲ್ಲೇ ನಿಶ್ಚಯಿಸಿದ್ದ. ಕುಣಿ ಮುಚ್ಚಿ ನೆಲ ಗಚ್ಚು ಮಾಡಲು ದುರಗೇಶನೆಂಬ ಗವಂಡಿಗೆ ಹೇಳಿಯೂ ಇಟ್ಟಿದ್ದ. ಆದರೆ ಆ ಮನೆತನದಲ್ಲಿ ಒಂದು ಕಟ್ಟಳೆಯಿತ್ತು. ಮಗ್ಗದ ಮೇಲೆ ಹಾಸು, ಎಂದರೆ ಉದ್ದಕ್ಕೆ ಬಿಗಿದ ಎಳೆಗಳು, ಇರುವಷ್ಟು ದಿನ ಆ ಮಗ್ಗವನ್ನು ಕೀಳಬಾರದು; ಹಾಸನ್ನು ನಡುವೆ ಕತ್ತರಿಸಬಾರದು. ಹಾಸು ಮುಗಿಯುವಾಗ ನೇಕಾರ ಕೊನೆಯ ಒಂದು ಮೊಳ ಎಳೆಗಳನ್ನು ನೇಯದೆ ಬಿಡುತ್ತಾನೆ. ಹೊಸ ಹಾಸಿನ ಒಂದೊಂದೇ ಎಳೆಯನ್ನು ಆ ಹಳೆಯ ಎಳೆಗೆ ಹೊಸೆದು ಕೂಡಿಸುತ್ತಾರೆ. ಅದಕ್ಕೆ ಕೆಚ್ಚುವುದು ಎಂದು ಹೆಸರು. ಕೆಚ್ಚಿದರೆ ಮಗ್ಗ ಮುಂದುವರಿಯಿತು. ಕೆಚ್ಚದಿದ್ದರೆ ಅದರ ಆಯುಷ್ಯ ಮುಗಿಯಿತು.

ಆ ಓಣಿಯಲ್ಲಿ ಕೆಚ್ಚುವವರು ಯಾರೂ ಉಳಿದಿರಲಿಲ್ಲ. ಶಿವಯೋಗೆಪ್ಪನಿಗೆ ಸೀರೆ ನೇಯಲು ಕೈಯ ರೂಢಿಯೇ ಸಾಕಾಗಿತ್ತು. ಮೂರು ಸಾವಿರ ಎಳೆಗಳನ್ನು ಒಂದೊಂದಾಗಿ ಹೆಕ್ಕಲು ಕಣ್ಣು ಸಾಲದು. ಈ ಹಾಸು ಮುಗಿಯುವವರೆಗೆ ತಡಿ, ಆಮೇಲೆ ಕುಣಿ ಮುಚ್ಚಿಸು ಎಂದು ಅವನೇ ಮಗನಿಗೆ ಮಾತು ಕೊಟ್ಟಿದ್ದ. ಹಾಸಿನಲ್ಲಿ ಇನ್ನು ಮೂರು ಸೀರೆ ಉಳಿದಿದ್ದವು.

ಮೂರು ಸೀರೆಗಳವರೆಗೆ ಶಾಲೆ. ಆ ಲೆಕ್ಕ ಮನೆಯಲ್ಲಿ ಎಲ್ಲರಿಗೂ ತಿಳಿದಿತ್ತು. ಅಂಗಳದಲ್ಲಿ ಬಣ್ಣದ ನೂಲು ಒಣಗುತ್ತಿತ್ತು, ಅಡುಗೆಮನೆಯಲ್ಲಿ ಇಬ್ಬರು ಕುಳಿತರೆ ಮೂರನೆಯವರಿಗೆ ಜಾಗವಿಲ್ಲ. ಗಂಗಾಂಬಿಕಾ ಮತ್ತೊಂದು ಮನೆಯ ಪಡಸಾಲೆ ಕೇಳಿ ನೋಡಿದಳು; ಎಲ್ಲರ ಪಡಸಾಲೆಯಲ್ಲೂ ಮಗ್ಗಗಳು ಕೂತಿದ್ದವು. ಮುದುಕ ಮೊದಲ ಸೀರೆಗೆ ಹತ್ತು ದಿನ ತೆಗೆದುಕೊಂಡ, ಎರಡನೆಯದಕ್ಕೆ ಹದಿನೈದು. ಲಾಳಿ ಕೈಯಲ್ಲಿ ಹಿಡಿದು ಮಕ್ಕಳ ಬಾಯಿಪಾಠ ಕೇಳುತ್ತ ಕುಳಿತುಬಿಡುತ್ತಿದ್ದ. "ಸೀರಿ ನೇಯ್ಯಾಕತ್ತಿಯೋ ಜ್ವಾಳ ಎಣಸಾಕತ್ತಿಯೋ?" ಎಂದು ರುಕ್ಮವ್ವ ಹಂಗಿಸಿದರೆ, ಎಳೆ ಕಡಿದಿದೆ, ಹುಡುಕುತ್ತಿದ್ದೇನೆ ಎನ್ನುತ್ತಿದ್ದ. ಕಡಿದ ಎಳೆಗಳನ್ನು ಶೇವಂತಿಯೇ ಹುಡುಕಿ ಕೊಡುತ್ತಿದ್ದಳು. ಹೆಬ್ಬೆರಳಿಗೆ ಬೂದಿ ತಾಗಿಸಿಕೊಂಡು ಎರಡು ತುದಿಗಳನ್ನು ಗಂಟಿಲ್ಲದೆ ಹೊಸೆಯುವುದನ್ನು ಮುದುಕ ಅವಳಿಗೆ ತೋರಿಸಿಕೊಟ್ಟ.

ಒಂದು ದಿನ ಚಹದಂಗಡಿಯಲ್ಲಿ ಮಗ್ಗ ರಿಪೇರಿಯ ಗಂಗಾರಾಮ ನಾಲ್ಕು ಜನರ ಮುಂದೆ, "ಈಶಪ್ಪ, ನಿಮ್ಮ ಮನ್ಯಾಗ ದಡ್ಡರ ಸಾಲಿ ತಗದೀರಂತಲ್ಲೋ. ಹೆಡ್‌ಮಾಸ್ತರ ಯಾರು, ನೀನೋ?" ಎಂದ. ಅವನಿಗೇನೂ ತಿಳಿದಿರಲಿಲ್ಲ, ಬಾಯಿಗೆ ಬಂದದ್ದನ್ನು ಆಡಿದ್ದ. ಎಲ್ಲರೂ ನಕ್ಕರು, ಈಶ್ವರನೂ ನಕ್ಕ. ಕಿಸೆಯ ಚಾಳೀಸನ್ನು ಅಂಗಿಯ ಮೇಲಿಂದಲೇ ಒಮ್ಮೆ ಮುಟ್ಟಿ ನೋಡಿಕೊಂಡ. ಮನೆಗೆ ಬಂದವನು ಕೈಕಾಲು ತೊಳೆಯದೆ ಪಡಸಾಲೆಯಲ್ಲಿ ನಿಂತು, ಇದೇ ಸೀರೆ ಕೊನೆಯದು, ಎಂಟು ದಿನದಲ್ಲಿ ಮುಗಿಯಬೇಕು ಎಂದು ತಂದೆಗೆ ಹೇಳಿದ. ಗಂಗಾಂಬಿಕಾ ಒಲೆಯ ಮುಂದಿನಿಂದ ಎದ್ದು ಬಂದಳು.

"ಏಳು ಹುಡುಗರು ಅದಾವರಿ. ಎಲ್ಲಿ ಹೋಗಬೇಕು ಅವು?"

"ಎಲ್ಲಿಂದ ಬಂದಾವೋ ಅಲ್ಲಿ."

"ಅಲ್ಲಿ ಅವನ್ನ ಯಾರೂ ಓದಸೂದಿಲ್ಲ. ದೊಡ್ಡವಾದ ಮ್ಯಾಲ ಕಿಸೇದಾಗ ಚಾಳೀಸ ಇಟಗೊಂಡು ತಿರಗತಾವ."

ಹನ್ನೊಂದು ವರ್ಷ ಆಡದ ಮಾತನ್ನು ಆಡಿಯಾಗಿತ್ತು. ಈಶ್ವರ ಹಿಂದಿನ ಶೆಡ್ಡಿಗೆ ಹೋದ. ಆಮೇಲೆ ಇಪ್ಪತ್ತು ದಿನ ಗಂಡಹೆಂಡಿರ ನಡುವೆ ಮಾತಿಲ್ಲ. ಅವಳು ಬಡಿಸುತ್ತಿದ್ದಳು, ಚೀಟಿ ಓದುತ್ತಿರಲಿಲ್ಲ. ಅವನು ಚೀಟಿಗಳನ್ನು ಮಡಚಿ ದೇವರ ಜಗಲಿಯ ಮೇಲಿಡುತ್ತಿದ್ದ. ಅವು ಅಲ್ಲಿಯೇ ಸೇರುತ್ತ ಹೋದವು.

ಎಂಟನೆಯ ದಿನ ಸೀರೆ ಮುಗಿಯಿತು. ರುಕ್ಮವ್ವ ಹೋಳಿಗೆ ಮಾಡಿ, ಮಗ್ಗಕ್ಕೆ ಕಾಯಿ ಒಡೆದಳು. ಶಿವಯೋಗೆಪ್ಪ ಸೀರೆ ಕೊಯ್ದು ಮಡಚಿ, ಒಂದು ಮೊಳ ಎಳೆಗಳನ್ನು ರೂಢಿಯಂತೆ ಬಿಟ್ಟು, ಕುಣಿಯಿಂದ ಮೇಲೆದ್ದ. ಅಂದಿನಿಂದ ಅವನು ಮಗ್ಗದ ಹತ್ತಿರ ಸುಳಿಯಲಿಲ್ಲ. ಕಟ್ಟೆಯ ಮೇಲೆ ಕುಳಿತು ಬೀದಿ ನೋಡುತ್ತಿದ್ದ. ಮರುದಿನ ಬರಬೇಕಾಗಿದ್ದ ದುರಗೇಶ ಬಾಡಗಂಡಿಯ ಸಕ್ಕರೆ ಕಾರ್ಖಾನೆಯ ಕಡೆ ಕೂಲಿಮನೆಗಳ ಕೆಲಸ ಹಿಡಿದಿದ್ದರಿಂದ ಹನ್ನೆರಡು ದಿನ ತಡವಾಗುತ್ತದೆಂದು ಹೇಳಿಕಳಿಸಿದ.

ಆ ಹನ್ನೆರಡು ದಿನ ಮಗ್ಗದ ಮೇಲಿಂದ ಆಚೆಯ ಗೋಡೆಯವರೆಗೂ ರುಕ್ಮವ್ವನ ಹಳೆಯ ಎರಡು ಸೀರೆಗಳು ಹರವಿಕೊಂಡಿದ್ದವು. ಅಂಗಳದಲ್ಲಿ ಒಣಗುವುದಿಲ್ಲ ಎಂದು ಅವಳು ನೆವ ಹೇಳಿದಳು. ಆ ವಾರ ಕರೆಂಟ್ ಮುಂಜಾನೆ ಹೋಗುತ್ತಿತ್ತು, ಮುಂದಿನ ವಾರ ಮಧ್ಯಾಹ್ನ. ಮೌನ ಇಳಿದಾಗಲೆಲ್ಲ ಶಾಲೆ ಕೂಡುತ್ತಿತ್ತು, ಆದರೆ ಬಾಯಿಪಾಠದ ಸದ್ದಿರಲಿಲ್ಲ. ಶೆಡ್ಡಿನಲ್ಲಿ ನಿಂತ ಮಗ್ಗಗಳ ನಡುವೆ ಕುಳಿತ ಈಶ್ವರನಿಗೆ ಒಳಗೆ ಮಕ್ಕಳೆಲ್ಲ ನಿದ್ದೆ ಹೋದಂತೆ ತೋರುತ್ತಿತ್ತು. ಎದ್ದು ಹೋಗಿ ನೋಡಲು ಮನಸ್ಸು ಒಪ್ಪಲಿಲ್ಲ. ಆ ದಿನಗಳಲ್ಲಿ ಶಿವಯೋಗೆಪ್ಪ ಪೂಜೆಗೆ ಕುಳಿತಾಗಲೆಲ್ಲ ವಿಭೂತಿಯ ಗಟ್ಟಿ ನೋಡಿ ಸಿಡುಕುತ್ತಿದ್ದ. "ನನ್ನ ಈಬತ್ತಿ ಗಟ್ಟಿ ಯಾರು ತಿನ್ನಾಕತ್ತೀರಿ? ಮುಷ್ಟಿಯಷ್ಟಿತ್ತು, ನಿಂಬಿಕಾಯಿ ಆಗೈತಿ."

ಹದಿಮೂರನೆಯ ದಿನ, ಕರೆಂಟ್ ಹೋಗಿ ಶಾಲೆ ಕೂಡಿದ ಹೊತ್ತಿಗೆ, ದುರಗೇಶ ಗುದ್ದಲಿ, ಪುಟ್ಟಿ ತಂದು ಬಾಗಿಲಲ್ಲಿ ನಿಂತ. ಹೊರಗೆ ಕುಣಿ ತುಂಬುವ ಮುರಮು ಮಣ್ಣಿನ ಗಾಡಿಯೂ ಬಂದಿತ್ತು. ಮಗ್ಗ ಬಿಚ್ಚೋಣವೆಂದು ಈಶ್ವರ ಮೇಲಿನ ಸೀರೆಗಳನ್ನು ಸರಿಸಿದ.

ಮಗ್ಗದ ಮೇಲೆ ಹಾಸು ಇತ್ತು. ಶಿವಯೋಗೆಪ್ಪ ಎಂದೋ ತಯಾರಿಸಿ, ಇನ್ನು ಬೇಡವೆಂದು ಅಟ್ಟದ ಮೇಲೆ ಸುತ್ತಿಟ್ಟಿದ್ದ ಕೆಂಪು ಹಾಸು. ಅದರ ಎಳೆಗಳು ಹಳೆಯ ಒಂದು ಮೊಳಕ್ಕೆ ಕೂಡಿಕೊಂಡು ಪಡಸಾಲೆಯ ಆ ಗೋಡೆಯವರೆಗೆ ಚಾಚಿದ್ದವು. ಬೆಳಕಿಂಡಿಯ ಬಿಸಿಲಿನಲ್ಲಿ, ಗಾಳಿಯಿಲ್ಲದಿದ್ದರೂ, ಅದು ಉಸಿರಾಡುವಂತೆ ಸಣ್ಣಗೆ ಅಲುಗುತ್ತಿತ್ತು. ಕೂಡಿದ ಸಾಲಿನಲ್ಲಿ ಉದ್ದಕ್ಕೂ ಬಿಳಿಯ ಬೂದಿಯ ಗುರುತು.

ಯಾರು ಕೆಚ್ಚಿದ್ದೆಂದು ಈಶ್ವರ ಕೇಳಿದ. ಅವನು ಮಗಳ ಕೈಹಿಡಿದು ತಿರುಗಿಸಿ ನೋಡಿದ, ಹೆಬ್ಬೆರಳು ಬೆಳ್ಳಗಿತ್ತು. ಉಳಿದ ಮಕ್ಕಳು ಕೈಗಳನ್ನು ಬೆನ್ನಹಿಂದೆ ಮರೆಮಾಡಿದರು.

"ಇವು ಎಳಿ ಆಯ್ದು ಆಯ್ದು ಕೊಟ್ಟಾವ. ನಾ ಹೊಸದೇನಿ," ಎಂದಳು ಶೇವಂತಿ.

"ಮೂರು ಸಾವಿರ ಎಳಿ. ಯಾವುದು ಯಾವುದಕ್ಕಂತ ಹ್ಯಾಂಗ ಗೊತ್ತಾತು ನಿನಗ?"

"ನೋಡಿದ್ರ ತಪ್ಪತಾವಪ್ಪ. ಸರದಾಡತಾವ. ಕಣ್ಣ ಮುಚಗೊಂಡ್ರ ಸುಮ್ಮನಿರತಾವ."

ಈಶ್ವರ ಚಪ್ಪಲಿ ಬಿಟ್ಟು ಕುಣಿಯ ಅಂಚಿನಲ್ಲಿ ಕುಳಿತ. ಹುಡುಗನಾಗಿದ್ದಾಗ ಶಾಲೆಯಿಂದ ಓಡಿಬಂದು ಕುಳಿತುಕೊಳ್ಳುತ್ತಿದ್ದ ಜಾಗ ಅದು. ಕಾಲು ಇಳಿಬಿಟ್ಟ. ಕಣ್ಣು ಮುಚ್ಚಿ, ಕೆಚ್ಚಿದ ಸಾಲಿನ ಮೇಲೆ ಬಲದಿಂದ ಎಡಕ್ಕೆ ಬೆರಳಾಡಿಸುತ್ತ ಹೋದ. ಬಾಗಿಲಲ್ಲಿ ಗವಂಡಿ ಪುಟ್ಟಿ ಕೆಳಗಿಳಿಸಿ ನಿಂತ. ಗಂಗಾಂಬಿಕಾ ಕಂಬಕ್ಕೆ ಒರಗಿದ್ದಳು. ಬಹಳ ಹೊತ್ತಿನ ಮೇಲೆ, ಸುಮಾರು ನಡುಭಾಗದಲ್ಲಿ ಅವನ ಬೆರಳು ನಿಂತಿತು.

"ಇಲ್ಲೊಂದು ಎಳಿ ದಾಟೈತಿ. ಬಾಜೂದರ ಮನಿಗೆ ಹೋಗೈತಿ."

ಶೇವಂತಿ ಬಂದು ಮುಟ್ಟಿ ನೋಡಿದಳು. "ಅದು ನಂದಲ್ಲ. ಅವ್ವ ಹಾಕಿದ್ದು. ಬ್ಯಾಡಂದ್ರೂ ಕಣ್ಣ ತೆರಕೊಂಡು ಹಾಕಿದಳು."

ಕಟ್ಟೆಯ ಮೇಲಿಂದ ಮುದುಕ ನಕ್ಕದ್ದು ಕೇಳಿತು. ಇಪ್ಪತ್ತು ದಿನಗಳ ಮೇಲೆ ಈಶ್ವರ ಹೆಂಡತಿಯ ಮುಖ ನೋಡಿದ. ಆಮೇಲೆ ಆ ಒಂದು ಎಳೆಯನ್ನು ಬಿಡಿಸಿ, ಮಗಳ ಹೆಬ್ಬೆರಳಿನ ಬೂದಿಯನ್ನು ತನ್ನ ಬೆರಳಿಗೆ ಒರೆಸಿಕೊಂಡು, ಸರಿಯಾದ ಜೋಡಿಗೆ ಹೊಸೆದ.

"ದುರಗೇಶಾ, ಹೊಸಾ ಹಾಸ ಹತ್ತೈತಿ," ಎಂದ. "ಇದು ಮುಗದ ಮ್ಯಾಲ ಬಾ."

ಗವಂಡಿ ಊಟ ಮಾಡಿಕೊಂಡು ಹೋದ. ಮುರಮಿನ ರಾಶಿ ಬಹಳ ದಿನ ಬಾಗಿಲಲ್ಲೇ ಇತ್ತು. ಮಕ್ಕಳು ಅದರ ಮೇಲೆ ಬೆರಳಿನಿಂದ ಅಕ್ಷರ ಬರೆದರು. ಮಳೆಗಾಲದಲ್ಲಿ ಅದು ಓಣಿಯ ಕೆಸರಿಗೆ ಕೆಲಸಕ್ಕೆ ಬಂತು.

ಇದಾಗಿ ಆರು ವರ್ಷ ಎಂದಳು ರುಕ್ಮವ್ವ. ಆ ಹಾಸು ಮುಗಿಯಿತು. ಅದರ ಬಾಲಕ್ಕೆ ಇನ್ನೊಂದನ್ನು ಕೆಚ್ಚಿದರು, ಅದಕ್ಕೆ ಮತ್ತೊಂದು. ದುರಗೇಶ ಪ್ರತಿ ಸಲ ಬಂದು ಕೇಳುತ್ತಾನೆ, ಉಂಡು ಹೋಗುತ್ತಾನೆ. ಶಿವಯೋಗೆಪ್ಪ ತೀರಿಕೊಂಡು ಮೂರು ವರ್ಷವಾಯಿತು. ಊರ ಶಾಲೆಗೆ ತಿರುಗಿ ಸೇರಿದ ಶೇವಂತಿ ಈಗ ದಿನವೂ ಹತ್ತನೆಯ ತರಗತಿಯ ಪಾಠ ಮುಗಿಸಿಕೊಂಡು ಬಂದು ಕುಣಿಗಿಳಿಯುತ್ತಾಳೆ. ಮಕ್ಕಳು ಹತ್ತೊಂಬತ್ತು. ರಬಕವಿಯ ಶ್ರೀದೇವಿ ಎಂಬಾಕೆ ಎರಡನೆಯ ಬಾಯಾರಾಗಿ, ಎಂದರೆ ಶಿಕ್ಷಕಿಯಾಗಿ, ಬರುತ್ತಾಳೆ. ಶಾಲೆಗೆ ಇಂದಿಗೂ ಫಲಕವಿಲ್ಲ. ಹೊಸ ಮಗು ಬಂದ ದಿನ ಅದರ ಹೆಬ್ಬೆರಳಿಗೆ ಈಬತ್ತಿ ಹಚ್ಚಿ ಹಾಸಿನ ಒಂದು ಎಳೆ ಹೊಸೆಯಿಸುತ್ತಾರೆ. ಯಾವ ಮಗು ಎಂದು ಬಂದಿತೆಂಬುದು ಸೀರೆಗಳಲ್ಲಿ ಸೇರಿಹೋಗಿದೆ. ಆ ಸೀರೆಗಳನ್ನು ಯಾರು ಯಾರೋ ಉಟ್ಟುಕೊಂಡು ತಿರುಗುತ್ತಿದ್ದಾರೆ.

ಬಸಗೊಂಡಪ್ಪ ಇಷ್ಟು ಹೊತ್ತೂ ಕಟ್ಟೆಯ ಅಂಚಿನಲ್ಲಿ ಕುಳಿತು ಕೇಳುತ್ತಿದ್ದ. ಈಗ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, "ಅಲ್ಲರಿ ಯಕ್ಕಾ, ನಿಮ್ಮ ಮಗ ಓದಾಕ ಕಲತರೇನು?" ಎಂದು ಕೇಳಿದ.

ರುಕ್ಮವ್ವ ಮೊದಲ ಬಾರಿಗೆ ರಾಟೆಯನ್ನು ಕೈಯಿಂದ ಹಿಡಿದು ನಿಲ್ಲಿಸಿದಳು. ಪಾರಿವಾಳಗಳು ಗುಟುರು ಹಾಕುತ್ತಿದ್ದವು. ಒಳಗಿನ ಎಳೆಯ ದನಿಗಳ ನಡುವೆ ಒಂದು ದಪ್ಪ ದನಿ ಕತ್ತಲಲ್ಲಿ ಮೆಟ್ಟಿಲಿಳಿಯುವವನಂತೆ ಒಂದೊಂದೇ ಅಕ್ಷರಕ್ಕೆ ಕಾಲಿಡುತ್ತಿತ್ತು: "ಕೆಂ... ಪು... ನೂ... ಲು. ಎರ... ಡು... ಚೀ... ಲ." ನೂಲಿನ ಚೀಟಿ ಅದು. ಒಂದು ಪುಟ್ಟ ದನಿ ಅವನ ಹಿಂದೆಯೇ ಅದನ್ನು ತಿರುಗಿ ಹೇಳುತ್ತಿತ್ತು. ಬಸಗೊಂಡಪ್ಪ ಆ ಪುಟ್ಟ ದನಿಯನ್ನು ಗುರುತಿಸಿದ; ಮೊಮ್ಮಗಳದು.

ಆಗ ಕರೆಂಟ್ ಬಂತು. ಮೊದಲು ಓಣಿಯ ಕೊನೆಯ ಮನೆ, ಆಮೇಲೆ ಎದುರಿನದು, ಆಮೇಲೆ ಇಡೀ ಊರು ಖಟಖಟ ಎಂದು ಎಚ್ಚೆತ್ತಿತು. ಒಳಗಿನ ದನಿ ನಿಂತಿತೋ, ಸದ್ದಿನಡಿ ಮುಂದುವರಿಯಿತೋ ತಿಳಿಯಲಿಲ್ಲ. ಹೆಂಗಸರು ಸೆರಗು ಕೊಡವಿಕೊಂಡು ತಮ್ಮ ತಮ್ಮ ಕಂಡಿಕೆಯ ಬುಟ್ಟಿಗಳನ್ನು ಎತ್ತಿಕೊಂಡು ಮನೆಗಳಿಗೆ ನಡೆದರು. ಬಸಗೊಂಡಪ್ಪನೂ ಎದ್ದ. ಮೊಮ್ಮಗಳು ಓಡಿಬಂದು ಅವನ ಬೆರಳು ಹಿಡಿದುಕೊಂಡಳು. ತಮ್ಮೂರಿನ ದಾರಿಯ ಮಹಾಲಿಂಗಪುರದ ಬಸ್ಸಿಗೆ ಇಬ್ಬರೂ ಹೊರಟರು. ಅವಳ ಹೆಬ್ಬೆರಳಿನ ಬಿಳಿಯ ಬೂದಿ ಅವನ ಕೈಗೂ ಹತ್ತಿತ್ತು.